ಒಳಗೆ ಬಿಟ್ಟ ಬಟ್ಟೆ

ಬೆಳೆಯುವ ಮಕ್ಕಳ ಬಟ್ಟೆಗೆ ಒಳಮಡಿಕೆಯಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿಯಬೇಕು. ಮಗು ಮೈತುಂಬಿಕೊಂಡಂತೆ ಬಿಚ್ಚಿ ಸಡಿಲಿಸಬಹುದು. ಇದು ಟೈಲರ್ ಅಜ್ಜಿಯ ಪದ್ಧತಿ. ಮೊಮ್ಮಗಳ ಹಳದಿ ಫ್ರಾಕಿಗಂತೂ ಕೈತುಂಬ ಬಿಟ್ಟಿದ್ದಳು.

ಮೂರು ವರ್ಷದ ಆ ಮಗುವಿಗೆ ಮನೆಯಲ್ಲಿ ಲಾಡಿ ಎಂದೇ ಹೆಸರು, ಅಷ್ಟು ಸಣಕಲು. ಒಂದು ಕೆಟ್ಟ ಜ್ವರದ ನಂತರ ಅವಳ ಹೃದಯ ಸೋತಿತ್ತು. “ರಕ್ತ ಮುಂದಕ್ಕೆ ತಳ್ಳೋ ಶಕ್ತಿ ಸಾಲ್ತಿಲ್ಲ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತೆ. ಈ ಔಷಧಿ ಆ ನೀರನ್ನ ಇಳಿಸುತ್ತೆ. ತಪ್ಪಿಸಬೇಡಿ,” ಎಂದಿದ್ದರು ಮಕ್ಕಳ ಡಾಕ್ಟರು. ಲಾಡಿಯ ಅಮ್ಮ, ಅಂದರೆ ಅಜ್ಜಿಯ ಮಗಳು, ಬಸ್ ಕಂಡಕ್ಟರು. ಅವಳು ಕೆಲಸಕ್ಕೆ ಹೋದ ಮೇಲೆ ಔಷಧಿ ಹಾಕುವುದು ಅಜ್ಜಿಯ ಪಾಲಿನ ಕೆಲಸ.

ಆದರೆ ಔಷಧಿ ಹಾಕಿದಾಗಲೆಲ್ಲ ಮಗು ಚಡ್ಡಿ ಮೇಲೆ ಚಡ್ಡಿ ಒದ್ದೆ ಮಾಡುತ್ತಿತ್ತು, ಕೆನ್ನೆ ಇಳಿದುಹೋಗುತ್ತಿತ್ತು. ಇದ್ದಬದ್ದ ಮೈಯನ್ನೂ ಇದು ಕರಗಿಸಿಬಿಡುತ್ತದೆ ಅನ್ನಿಸಿತು ಅಜ್ಜಿಗೆ. ಯಾರಿಗೂ ಹೇಳದೆ ಔಷಧಿಯನ್ನು ಬಚ್ಚಲಿಗೆ ಚೆಲ್ಲತೊಡಗಿದಳು.

ಲಾಡಿ ತುಂಬಿಕೊಂಡಳು.

“ನೋಡೇ, ನಿನ್ನ ಮಗಳು ಇನ್ನು ಲಾಡಿ ಅಲ್ಲ, ದಿಂಬು.”

“ಏನು ತಿನ್ನಿಸ್ತಿದೀಯಮ್ಮ? ನನಗೂ ಸ್ವಲ್ಪ ಹಾಕು. ಎಷ್ಟು ತೆಳ್ಳಗಿದೀನಿ ಅಂದ್ರೆ, ಬಸ್ಸಲ್ಲಿ ನಾನು ಯಾರು, ಟಿಕೆಟ್ ಯಾವುದು ಗೊತ್ತಾಗಲ್ವಂತೆ,” ಎಂದು ಮಗಳು ನಕ್ಕಳು.

ಅಜ್ಜಿ ನಗಲಿಲ್ಲ. ಮಗು ತಿನ್ನುತ್ತಿದ್ದುದು ಗುಬ್ಬಿ ಕುಕ್ಕಿದಷ್ಟು. ಆದರೂ ಫ್ರಾಕು ಬಿಗಿಯಾಗುತ್ತಲೇ ಇತ್ತು. ಅಜ್ಜಿ ಸಂಜೆ ಹೊಲಿಗೆ ಬಿಚ್ಚಿ ಸಡಿಲಿಸಿದರೆ ಬೆಳಿಗ್ಗೆ ಮತ್ತೆ ಬಿಗಿ.

“ಅಜ್ಜಿ, ಫ್ರಾಕು ನನ್ನ ಹಿಡ್ಕೊಳ್ಳತ್ತೆ.”

“ಬಟ್ಟೆಗೇನು ಕೈ ಇದೆಯೇನೇ?”

“ಮಲಗಿದ್ರೆ ಎದೆ ಮೇಲೆ ಕೂತ್ಕೊಳ್ಳತ್ತೆ.”

ಆಮೇಲೆ ಲಾಡಿ ಮಲಗುವುದನ್ನೇ ಬಿಟ್ಟಳು. ಬಟ್ಟೆ ಗಂಟಿಗೆ ಒರಗಿ ಕೂತೇ ತೂಕಡಿಸುವಳು. ಒಮ್ಮೆ ಅಜ್ಜಿ ಹೊಲಿಗೆ ಯಂತ್ರದಿಂದ ಕಾಲು ತೆಗೆದಳು, ಚಕ್ರ ನಿಂತಿತು. ಟಕಟಕ ಸದ್ದು ನಿಲ್ಲಲಿಲ್ಲ. ಅದು ಮಗುವಿನ ಉಸಿರು.

ಆ ಮಧ್ಯಾಹ್ನ ಅಜ್ಜಿ ಲಾಡಿಯ ಮೈಮೇಲಿನ ಫ್ರಾಕನ್ನು ಕಳಚಿ ಕಿಟಕಿಯ ಮೊಳೆಗೆ ತೂಗುಹಾಕಿದಳು. ಬಿಸಿಲಿಗೆ ಅದರ ನೆರಳು ಗೋಡೆಯ ಮೇಲೆ ಬಿತ್ತು. ಚೋಟುದ್ದ ಹೆಗಲು, ಅದರ ಕೆಳಗೆ ಮಡಕೆಯಂಥ ಹೊಟ್ಟೆ. ಯಾವ ಮಗುವಿಗೂ ಅಂಥ ಆಕಾರ ಇರುವುದಿಲ್ಲ. ಅಜ್ಜಿ ಟೇಪು ತಂದು ಲಾಡಿಯ ಹೆಗಲು ಅಳೆದಳು. ಬೆಳೆದೇ ಇಲ್ಲ. ತೋಳು ಮೊದಲಿಗಿಂತ ಸಪೂರ. ಹೊಟ್ಟೆಯ ಹೊಲಿಗೆಯನ್ನಷ್ಟೇ ಬಿಚ್ಚುತ್ತಾ ಹೋದವಳು ಉಳಿದ ಅಳತೆಯನ್ನು ನೋಡಿಯೇ ಇರಲಿಲ್ಲ. ಇಷ್ಟು ದಿನ ಯಾರಿಗೆ ಹೊಲಿಯುತ್ತಿದ್ದೆ?

ಕಾಲುಚೀಲ ತೆಗೆದು ಪಾದ ಒತ್ತಿದಳು. ಬೆರಳು ತೆಗೆದರೂ ತಗ್ಗು ಹಾಗೇ ಉಳಿಯಿತು, ಒಳಗಿನಿಂದ ಯಾರೋ ಎಳೆದು ಹಿಡಿದಂತೆ. ಇದು ಮೈಯಲ್ಲ, ನೀರು.

ಅಜ್ಜಿ ಮಗುವನ್ನು ಎತ್ತಿಕೊಂಡು ಹೋದ ಆಸ್ಪತ್ರೆಗೆ ಮಗಳು ಟಿಕೆಟ್ ಚೀಲದ ಸಮೇತ ಓಡಿಬಂದಳು. ಲಾಡಿಯ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಮುಖ ಸಣ್ಣ ಮಾಡಿದರು.

“ಔಷಧಿ ಕೊಡ್ತಿದ್ರೂ ಇಷ್ಟು ನೀರು ನಿಂತಿದೆ ಅಂದ್ರೆ, ಹೃದಯ ಪೂರ್ತಿ ಕೈಬಿಡ್ತಿದೆ. ಇನ್ನು ಉಳಿದಿರೋ ದಾರಿ ಬಹಳ ಕಷ್ಟದ್ದು...”

“ಕೊಟ್ಟಿಲ್ಲ,” ಅಂದಳು ಅಜ್ಜಿ.

ಮಗಳು ತಿರುಗಿದಳು. “ಏನಮ್ಮ?”

“ಬಚ್ಚಲಿಗೆ ಚೆಲ್ಲಿದೆ ಕಣೇ. ಮೈ ಹಿಡೀಲಿ ಅಂತ.”

ಮಗಳು ಟಿಕೆಟ್ ಚೀಲವನ್ನು ನೆಲಕ್ಕೆ ಬಿಟ್ಟು ಲಾಡಿಯ ಪಾದ ಹಿಡಿದುಕೊಂಡಳು. ಡಾಕ್ಟರು ಹೇಳಿದರು: “ಈಗಲಾದ್ರೂ ಹೇಳಿದ್ರಲ್ಲ. ಹಾಗಾದ್ರೆ ಅದೇ ಔಷಧಿ ನರಕ್ಕೆ ಕೊಟ್ಟು ನೋಡೋಣ.”

ನೀರು ಇಳಿಯತೊಡಗಿತು. ಹೊಟ್ಟೆ, ರೆಪ್ಪೆ, ಪಾದ ಎಲ್ಲವೂ ಇಳಿದು, ದಿಂಬಿನೊಳಗಿಂದ ಲಾಡಿ ಹೊರಬಂದಳು. ಎಷ್ಟೋ ದಿನಗಳ ಮೇಲೆ ಅಂಗಾತ ಮಲಗಿ ನಿದ್ದೆ ಮಾಡಿದಳು. ಹೃದಯ ಇನ್ನೂ ದುರ್ಬಲವೇ. ಔಷಧಿ ಬಿಡುವ ಹಾಗಿಲ್ಲ.

ಮನೆಗೆ ಬಂದ ದಿನ ಮಗಳು ಔಷಧಿಯ ಬಾಟಲಿಯನ್ನು ಅಜ್ಜಿಯ ಕೈಗೇ ಕೊಟ್ಟಳು. “ಹಾಕು. ನಾನು ನೋಡ್ತೀನಿ.”

ಅಜ್ಜಿ ಗೆರೆಯವರೆಗೆ ಅಳೆದು ಹಾಕಿದಳು. ಲಾಡಿ ನುಂಗಿ, ಕಿಟಕಿಯತ್ತ ಬೆರಳು ತೋರಿದಳು.

“ಅದು ಯಾರ ಫ್ರಾಕು?”

“ನಿಂದೇ ಕಣೇ.”

“ನಂದಲ್ಲ. ನನ್ನ ಎದೆ ಮೇಲೆ ಕೂತ್ಕೊಳ್ತಿದ್ಲಲ್ಲ, ಅವಳದು.”

ಅಜ್ಜಿ ಅದರ ಹೊಲಿಗೆ ಬಿಚ್ಚಲು ಕತ್ತರಿ ತೆಗೆದುಕೊಂಡು ಎದ್ದಳು. ಕಿಟಕಿ ಮುಚ್ಚಿತ್ತು, ಗಾಳಿಯಿರಲಿಲ್ಲ. ಫ್ರಾಕಿನ ಹೊಟ್ಟೆ ಮಾತ್ರ ಇನ್ನೂ ದುಂಡಗಿತ್ತು.