ಸಿದ್ದಲಕ್ಷ್ಮಮ್ಮನ ನಡಿಗೆಗೆ ತಕ್ಕ ಮೋಟಾರು

ದ್ಯಾವಪ್ಪನ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿಲ್ಲ. ಅಂಗಿ ತೊಡಿಸೋಕೂ ಹೆಂಡತಿ ಬೇಕು. ಇಪ್ಪತ್ತೇಳು ವರ್ಷ ಕಡಬದ ಕೆರೆಯಲ್ಲಿ ಹುಟ್ಟು ಹಾಕಿದ ಭುಜ ಅದು. "ಇನ್ಮೇಲೆ ಹುಟ್ಟು ಮುಟ್ಟಬೇಡಿ" ಅಂತ ಡಾಕ್ಟರು ಹೇಳಿ ಕಳಿಸಿದ್ದಾರೆ. ಬಡವರ ರಟ್ಟೆಯನ್ನೇ ಇಂಜಿನ್ ಮಾಡಿಕೊಂಡು ಓಡುವ ಲೋಕ ಇದು. ಆ ಇಂಜಿನ್ ಕೆಟ್ಟರೆ ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಗಂಡ ಹೆಂಡತಿಯದು ಗಾಳ ಎಳೆಯುವ ಕೆಲಸ. ಚಮಚದ ಹಾಗೆ ಹೊಳೆಯುವ ತಗಡಿಗೆ ಗಾಳ ಸಿಕ್ಕಿಸಿ, ಉದ್ದ ದಾರಕ್ಕೆ ಕಟ್ಟಿ ದೋಣಿಯ ಹಿಂದೆ ಬಿಡುತ್ತಾರೆ. ದೋಣಿ ಮೆಲ್ಲಗೆ ಸಾಗಿದರೆ ತಗಡು ಮರಿಮೀನಿನ ಹಾಗೆ ಬಳುಕುತ್ತದೆ. ಅದನ್ನು ನುಂಗೋಕೆ ಬಾಳೆ ಮೀನು ಬರುತ್ತದೆ. ಅವನು ಹುಟ್ಟು ಹಾಕುತ್ತಿದ್ದ, ಸಿದ್ದಲಕ್ಷ್ಮಮ್ಮ ದಾರ ಹಿಡಿಯುತ್ತಿದ್ದಳು.

"ಹುಟ್ಟು ನಾನು ಹಾಕ್ತೀನಿ, ನೀನು ದಾರ ಹಿಡಿ" ಅಂದಳು. ಹಿಡಿದ. ಬೆರಳಿಗೆಲ್ಲ ಜೋಮು. ಮೀನು ಕಚ್ಚಿದ್ದೂ ಗೊತ್ತಾಗಲಿಲ್ಲ, ಬಿಟ್ಟಿದ್ದೂ ಗೊತ್ತಾಗಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ. ದೋಣಿ ಮಾರೋದು, ಅವಳು ತುಮಕೂರಿನ ಗಾರ್ಮೆಂಟ್ಸ್ ವ್ಯಾನು ಹತ್ತೋದು, ಅವನು ಜಗಲಿ ಕಾಯೋದು.

ಆಗ ಬಂದವನು ನಾಗಭೂಷಣ್. ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು, ದ್ಯಾವಪ್ಪನ ಗೆಳೆಯ. ದೋಣಿಗೆ ಕಟ್ಟುವ ಹಳೇ ಪೆಟ್ರೋಲ್ ಇಂಜಿನ್ ಒಂದು ಅವನ ಕೈಗೆ ಸಿಕ್ಕಿತ್ತು.

"ಹತ್ತು ಎಚ್‌ಪಿ ಕಣೇ" ಅಂದ ದ್ಯಾವಪ್ಪ. "ನಮ್ಮೂರ ಮಹಾಲಿಂಗಯ್ಯನ ಬೋರ್‌ವೆಲ್‌ಗೆ ಐದು ಎಚ್‌ಪಿ ಇಳಿಸಿದ್ರೆ ನೀರು ಬರ್ಲಿಲ್ಲ. ಏಳೂವರೆ ಇಳಿಸಿದ್ಮೇಲೆ ಬಂತು. ಜಾಸ್ತಿ ಇದ್ದಷ್ಟೂ ಒಳ್ಳೇದು."

"ನಾವೇನು ಕೆರೇನೇ ಮೇಲೆತ್ತಬೇಕಾ?" ಅಂದಳು ಸಿದ್ದಲಕ್ಷ್ಮಮ್ಮ.

ಅವಳ ತಂಗಿ ಮಗಳು ಶಾಂತಲಾ ಊರಿನ ಮೀನುಗಾರರ ಸಂಘದ ಕಾರ್ಯದರ್ಶಿ. ವಿಷಯ ಕಿವಿಗೆ ಬಿದ್ದದ್ದೇ, ಹೆಬ್ಬೂರು ಕಡೆ ಒಬ್ಬರ ಹತ್ತಿರ ದೋಣಿಯ ಬ್ಯಾಟರಿ ಮೋಟಾರು ಎರವಲು ಕೇಳಿ ತಂದಳು. ಉದ್ದ ಕೋಲು, ತುದಿಯಲ್ಲಿ ನೀರು ತಳ್ಳುವ ಪುಟ್ಟ ಪಂಕ.

"ಇದೇನವ್ವ, ಟೇಬಲ್ ಫ್ಯಾನ್ ತಂದಿದ್ದೀಯ" ಅಂತ ನಾಗಭೂಷಣ್ ನಕ್ಕ. "ಸೆಕೆಗಾ?"

ಶಾಂತಲಾ ಜಗಳಕ್ಕೆ ಹೋಗಲಿಲ್ಲ. "ದೊಡ್ಡಮ್ಮ, ಒಂದು ಬಿದಿರು ಕೋಲಿಗೆ ದಾರ ಕಟ್ಟಿ, ಗಾಳ ನೀರಿಗೆ ಬಿಟ್ಕೊಂಡು ಕೆರೆ ಏರಿ ಮೇಲೆ ನಡಿ. ತಗಡು ಸರಿಯಾಗಿ ಬಳುಕೋ ತನಕ ಹೆಜ್ಜೆ ಹೊಂದಿಸ್ಕೊ" ಅಂದಳು.

ಜೋರಾಗಿ ನಡೆದರೆ ತಗಡು ಗಿರಗಿರ ಸುತ್ತಿ ಮೇಲೆ ತೇಲಿತು. ತೀರಾ ನಿಧಾನ ಮಾಡಿದರೆ ಮುಳುಗಿತು. ತುಂಬಿದ ಬಿಂದಿಗೆ ಹೊತ್ತವಳ ಹಾಗೆ ನಡೆದಾಗ ಚೆಂದಕ್ಕೆ ಬಳುಕಿತು.

"ಇದೇ ವೇಗ. ಬಿಡಬೇಡ. ದೋಣಿ ನಿನ್ನ ಜೊತೆ ಬರ್ಬೇಕು, ನೀನು ದೋಣಿ ಹಿಂದೆ ಓಡ್ಬಾರ್ದು" ಅಂದಳು ಶಾಂತಲಾ.

ಮೊದಲು ಪೆಟ್ರೋಲ್ ಇಂಜಿನ್ ಕಟ್ಟಿದರು. ಸಿದ್ದಲಕ್ಷ್ಮಮ್ಮ ಏರಿ ಮೇಲೆ ಅದೇ ಹೆಜ್ಜೆಯಲ್ಲಿ ನಡೆದಳು. ದ್ಯಾವಪ್ಪ ಎಡಗೈಲಿ ಹಿಡಿ ಹಿಡಿದ, ನಾಗಭೂಷಣ್ ಪಕ್ಕದಲ್ಲಿ ಕೂತ. ವೇಗವನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿದರು. ಆದರೂ ಹತ್ತು ಹೆಜ್ಜೆಗೆ ದೋಣಿ ಮುಂದೆ ಹೋಯಿತು. ಸಿದ್ದಲಕ್ಷ್ಮಮ್ಮ ನೆರಿಗೆ ಎತ್ತಿ ಸಿಕ್ಕಿಸಿ ಓಡಿದಳು. ಮಂಡಿ ಹಿಡಿದುಕೊಂಡು ನಿಂತಳು. ಕೊನೆಗೆ ಒಂದು ಕಲ್ಲಿನ ಮೇಲೆ ಕೂತಳು. ಕೂಗಿದಳೇನೋ, ಸದ್ದಿನಲ್ಲಿ ಕೇಳಲಿಲ್ಲ. ದ್ಯಾವಪ್ಪ ತಿರುಗಿ ನೋಡಿದಾಗ ಹೆಬ್ಬೆರಳಷ್ಟು ಕಂಡಳು.

"ಆಫ್ ಮಾಡೋ" ಅಂದ.

"ಯಾಕಣ್ಣ, ಚೆನ್ನಾಗೇ ಓಡ್ತೈತಲ್ಲ?"

"ಅವಳು ಹಿಂದೆ ಉಳ್ಕೊಂಡ್ಲು."

ಗಂಡ ಮುಂದೆ, ಹೆಂಡತಿ ಹಿಂದೆ ಏದುಸಿರು ಬಿಡುತ್ತಾ. ಇದನ್ನು ನಮ್ಮ ಬೀದಿಗಳಲ್ಲಿ ನೋಡಿ ನೋಡಿ ನಮ್ಮ ಕಣ್ಣು ಮರಗಟ್ಟಿದೆ. ಅವತ್ತು ದ್ಯಾವಪ್ಪ ಅದನ್ನು ನೀರಿನ ಮೇಲಿಂದ ನೋಡಿದ.

ದಡಕ್ಕೆ ಬಂದ ಮೇಲೂ ನಾಗಭೂಷಣ್ ಬಿಡಲಿಲ್ಲ. "ಸ್ಪೀಡ್ ಇನ್ನೂ ಕಮ್ಮಿ ಮಾಡೋಕೆ ದಾರಿ ಇಲ್ವಾ?"

"ಐತೆ ಅಣ್ಣ" ಅಂದಳು ಶಾಂತಲಾ. "ಇಂಜಿನ್ ಈಗಾಗಲೇ ಇರೋರು ದೋಣಿಯ ಎರಡೂ ಪಕ್ಕ ಗಿಡ್ಡ ಹಗ್ಗದಲ್ಲಿ ಒಂದೊಂದು ಬಕೆಟ್ ನೀರಿಗೆ ಬಿಡ್ತಾರೆ. ಬಕೆಟ್ ನೀರು ಹಿಡಿದು ದೋಣೀನ ತಡೀತದೆ. ಹಗ್ಗ ಪಂಕಕ್ಕೆ ಸಿಗಬಾರದು ಅಷ್ಟೇ. ಆದ್ರೆ ಇನ್ನೂ ಕೊಳ್ಳದೆ ಇರೋರು ವೇಗಾನ ಕೊಂಡು, ಅದಕ್ಕೆ ಬಕೆಟ್ ಯಾಕೆ ಕಟ್ಬೇಕು?"

ಆಮೇಲೆ ಬ್ಯಾಟರಿ ಮೋಟಾರು ಕಟ್ಟಿದರು. ವೇಗದ ಗುಂಡಿಯನ್ನು ಎರಡನೇ ಪಾಯಿಂಟಿಗೆ ಇಟ್ಟಾಗ ದೋಣಿ ಏರಿ ಪಕ್ಕದಲ್ಲೇ, ಸಿದ್ದಲಕ್ಷ್ಮಮ್ಮನ ಹೆಜ್ಜೆಗೆ ಹೆಜ್ಜೆ ಹಾಕಿತು. ಸದ್ದೇ ಇಲ್ಲ.

"ಮಂಡಿ ನೋಯ್ತೈತಾ?" ದ್ಯಾವಪ್ಪ ನೀರಿಂದ ಕೇಳಿದ.

"ಈಗಿಲ್ಲ."

"ಸಾರು ಏನು ಮಾಡ್ತೀಯ?"

"ಬಸ್ಸಾರು. ನೀನು ಮುಂದೆ ನೋಡು, ಜಾಲಿ ಗಿಡಕ್ಕೆ ಗುದ್ದೀಯ."

ಹಾಗೆ ಮಾತಾಡಿಕೊಂಡೇ ಏರಿಯ ಆ ತುದಿಗೆ ಹೋಗಿಬಿಟ್ಟರು. ಶಾಂತಲಾ ಕರೆದರೂ ತಿರುಗಲಿಲ್ಲ.

"ಹೋಗ್ಲಿ ಬುಡವ್ವ" ಅಂದ ನಾಗಭೂಷಣ್. ಆಮೇಲೆ, "ನಡು ಕೆರೇಲಿ ಬ್ಯಾಟರಿ ಕೈ ಕೊಟ್ರೆ?" ಅಂದ.

"ಹುಟ್ಟು ಯಾವತ್ತೂ ದೋಣೀಲೇ ಇರ್ಲಿ. ಅರ್ಧ ಚಾರ್ಜ್ ಖಾಲಿ ಆಗೋದ್ರೊಳಗೆ ವಾಪಸ್ ತಿರುಗ್ಬೇಕು. ಕಾರಿನ ಬ್ಯಾಟರಿ ಬೇಡ, ಮನೆ ಯುಪಿಎಸ್‌ಗೆ ಹಾಕ್ತಾರಲ್ಲ, ಆ ಥರ ತುಂಬಾ ಹೊತ್ತು ಕರೆಂಟ್ ಕೊಡೋದು ಬೇಕು. ಮುಚ್ಚಳದ ಡಬ್ಬೀಲಿ ದೋಣಿ ಮಧ್ಯೆ ಇಡ್ಬೇಕು. ವೈರಿಗೆ ಫ್ಯೂಸ್ ಬೇಕು. ಅದನ್ನ ನಿಮಗಿಂತ ಚೆನ್ನಾಗಿ ಯಾರು ಹಾಕ್ತಾರೆ?"

"ಹಾಕ್ಕೊಡ್ತೀನಿ" ಅಂದ. ಟೇಬಲ್ ಫ್ಯಾನ್ ಮಾತು ಮತ್ತೆ ಎತ್ತಲಿಲ್ಲ.

ತಮ್ಮದೇ ಮೋಟಾರು ಬಂದ ದಿನ ಸಿದ್ದಲಕ್ಷ್ಮಮ್ಮ ಹಳೇ ಅಭ್ಯಾಸಕ್ಕೆ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಶಾಂತಲಾ ಬಿಡಿಸಿ, ದಾರವನ್ನು ಮರದ ಉಂಡೆಗೆ ಸುತ್ತಿ ಕೊಟ್ಟಳು. "ಮೀನು ನಿನ್ನ ಬೆರಳು ಎಳೆದ್ರೆ ದೊಡ್ಡಪ್ಪನ ಕೈ ನಿಲ್ತಿತ್ತು. ಮೋಟಾರಿಗೆ ನಿನ್ನ ನೋವು ಗೊತ್ತಾಗಲ್ಲ." ಇಬ್ಬರಿಗೂ ಲೈಫ್ ಜಾಕೆಟ್ ತೊಡಿಸಿದಳು. ಗಂಡನದರ ಬಕಲ್ ಹೆಂಡತಿ ಹಾಕಿದಳು. ಅವಳದರ ಬಕಲ್ ಅವನು ಎಡಗೈಲಿ ಹಾಕೋಕೆ ಹೋಗಿ ಮೂರು ಸಲ ತಪ್ಪಿದ. ಅವಳು ಕಾದಳು.

ದೋಣಿ ಮಾರಲಿಲ್ಲ. ವ್ಯಾನು ಇವರ ಮನೆ ಮುಂದೆ ನಿಲ್ಲಲಿಲ್ಲ.

ಕೇಳುತ್ತಿರುವ ಅಕ್ಕ, ಅಣ್ಣ, ದೋಣಿ ಬೋರ್‌ವೆಲ್ ಅಲ್ಲ. ಎಚ್‌ಪಿ ದೊಡ್ಡದು ಅಂತ ಹೊಗಳಿ ಮಾರುವವರು ನಿಮ್ಮ ಗಾಳ ಎಳೆಯೋಕೆ ಬರುವುದಿಲ್ಲ. ದೋಣಿ, ಜನ, ಬ್ಯಾಟರಿ, ಮೀನು ಎಲ್ಲ ಸೇರಿಸಿ ತೂಕ ಹೇಳಿ, ಅದಕ್ಕೆ ಎಷ್ಟು ಬಲದ ಮೋಟಾರು ಸಾಕು ಅಂತ ಕೇಳಿ. ಎದುರುಗಾಳಿಗೆ ಒಂದಿಷ್ಟು ಹೆಚ್ಚೇ ಇರಲಿ. ಆದರೆ ದುಡ್ಡು ಕೊಡುವ ಮುಂಚೆ ಏರಿಗೆ ಬನ್ನಿ. ನಿಮ್ಮ ಜೊತೆ ದುಡಿಯುವವರಿಗೆ ತಗಡು ಬಳುಕುವ ಹೆಜ್ಜೆಯಲ್ಲಿ ದಡದ ಮೇಲೆ ನಡೆಯೋಕೆ ಹೇಳಿ, ನೀವು ದೋಣಿ ನಡೆಸಿ. ತಿರುಗಿ ನೋಡುವ ಅಗತ್ಯವೇ ಇಲ್ಲದ ಹಾಗೆ ಅವರು ಪಕ್ಕದಲ್ಲೇ ಇದ್ದರೆ, ಆ ಮೋಟಾರನ್ನು ಮನೆಗೆ ತನ್ನಿ.