ಚೂಲಾ ಬಂದ್

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮೂರೂರಿನ ಎಕ್ಸೆಲ್ ಹಾಳೆ ಜೋಡಿಸಿ ನೋಡು ಎಂದು ಹೇಳಿಹೋಗಲಿಲ್ಲ. ಪಾಪ, ಅವರ ಕಾಲಕ್ಕೆ ಆ ಕಷ್ಟ ಇರಲಿಲ್ಲ. ನಗ್ಮಾಗೆ ಇತ್ತು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಅವಳು ಹುಡುಗಿಯರಿಗೆ ಎಕ್ಸೆಲ್ ಕಲಿಸುತ್ತಿದ್ದಳು. ಹಾಗಾಗಿ ಮಾನ್ವಿಯಲ್ಲಿರುವ ಅವಳ ಖಾಲಾ, ಅಂದರೆ ತಾಯಿಯ ತಂಗಿ ಕುಬ್ರಾ ಬೇಗಂ, ಒಬ್ಬಳೇ ಮಗಳು ಸೂಫಿಯಾಳ ಮದುವೆ ಗೊತ್ತುಮಾಡಿದಾಗ ಮದುವೆಯೂಟದ ದಾವತ್ತಿಗೆ ಎಷ್ಟು ಮಂದಿ ಎನ್ನುವ ಲೆಕ್ಕ ಕೇಳದೆಯೇ ಇವಳ ತಲೆಗೆ ಬಂದು ಕೂತಿತು.

ನಗ್ಮಾ ಅದನ್ನು ಚೆಂದವಾಗಿಯೇ ಜೋಡಿಸಿದ್ದಳು. ರಾಯಚೂರಿಗೊಂದು, ದೇವದುರ್ಗಕ್ಕೊಂದು, ಮಾನ್ವಿಗೊಂದು ಹಾಳೆ. ಅವರವರ ಊರಿನ ನೆಂಟರನ್ನು ಅವರವರೇ ಫೋನಿನಲ್ಲಿ ತುಂಬಬೇಕು. ನಾಲ್ಕನೆಯ ಹಾಳೆಯ ಹೆಸರು ‘ದೇಗು’, ಬಿರಿಯಾನಿ ಬೇಯಿಸುವ ತಾಮ್ರದ ಹಂಡೆಯ ಹೆಸರೇ ಅದಕ್ಕೂ. ಮೂರೂರಿನ ಮೊತ್ತ ಸೂತ್ರ ಹಿಡಿದು ಅಲ್ಲಿಗೆ ಬಂದರೆ ಅಕ್ಕಿ ಎಷ್ಟು, ಮಾಂಸ ಎಷ್ಟು ಎಂದು ತಾನೇ ಹೇಳುತ್ತಿತ್ತು. ಅದನ್ನು ನೋಡಿಕೊಂಡು ಅಡುಗೆಯ ಬಾವರ್ಚಿ ಸತ್ತಾರ್ ಸಾಬ್ ಮಲ್ಲಟದ ನಿಂಗರಾಜನ ದೊಡ್ಡಿಗೆ ಹೋಗಿ ಕುರಿ ಆರಿಸಬೇಕು.

ಈ ದಾವತ್ತು ಮಾತ್ರ ಕಡಿಮೆ ಬೀಳುವಂತಿರಲಿಲ್ಲ. ಸೂಫಿಯಾ ಅಂಬೆಗಾಲಿಡುವಾಗಲೇ ಕುಬ್ರಾಳ ಗಂಡ ತೀರಿಕೊಂಡಿದ್ದ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ, ಓಣಿಯವರು ಊಟ ತರುತ್ತಾರೆ. ಕುಬ್ರಾಳ ಓಣಿಯವರು ಮೂರು ದಿನಕ್ಕೆ ನಿಲ್ಲಿಸಲಿಲ್ಲ. ಅವಳು ಎದ್ದು ಕೂತು ಹೊಲಿಗೆ ಮಷಿನ್ ತುಳಿಯುವವರೆಗೂ ಸರದಿಯ ಮೇಲೆ ತಂದರು. “ನನ್ನ ಮಗಳ ಮದುವ್ಯಾಗ ಆ ಓಣ್ಯಾಗ ಒಂದ ಒಲೀನೂ ಹೊತ್ತಬಾರದು” ಎಂದು ಖಾಲಾ ಎಷ್ಟೋ ವರ್ಷದಿಂದ ಹೇಳುತ್ತ ಬಂದಿದ್ದಳು. ಅವಳ ಬದುಕಿನಲ್ಲಿ ಇದ್ದ ಆಸೆ ಅದೊಂದೇ.

ದಾವತ್ತು ಹತ್ತಿರ ಬಂದಾಗ ‘ದೇಗು’ ತೆರೆದರೆ ಮೊತ್ತದ ಜಾಗದಲ್ಲಿ ‘ರೆಫ್’ ಎಂಬ ದೋಷ ಕೂತಿತ್ತು. ಸೂತ್ರ ತಾನು ನೋಡಬೇಕಾದ ಜಾಗವನ್ನೇ ಕಳೆದುಕೊಂಡಿದೆ ಎಂದರ್ಥ. ನಗ್ಮಾ ದೇವದುರ್ಗದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ತಮ್ಮ ಅಲ್ತಾಫನಿಗೆ ಫೋನ್ ಮಾಡಿದಳು.

“ಏನ್ ಮಾಡಿದೀಲೇ ಹಾಳಿಗೆ?”

“ಏನೂ ಇಲ್ಲ ಆಪಾ. ನಮ್ಮ ಗೂಗಲ್ ಹಳ್ಳಿ ಮಂದಿ ಹೆಸರು ಮ್ಯಾಲ ಕೆಳಗ ಆಗಿದ್ವು. ಹಳೀದು ಅಳಿಸಿ ಹೊಸಾದು ಬರದೀನಿ. ಹೆಸರು ಅದ ಇಟ್ಟೀನಿ, ದೇವದುರ್ಗ ಅಂತ.”

“ಹೆಸರು ಅದ ಇಟ್ರ ಏನಾತು? ನಿನ್ನ ಅಂಗಡಿ ಕೆಡವಿ ಅದ ಬೋರ್ಡ್ ಹಚ್ಚಿ ಬ್ಯಾರೆ ಅಂಗಡಿ ಕಟ್ಟಿದ್ರ ಒಳಗಿದ್ದ ಚಪ್ಪಲಿ ವಾಪಸ್ ಬರ್ತಾವೇನು? ಹೆಸರು ಬದಲಿ ಮಾಡಿದ್ರ ಸೂತ್ರ ಹಿಂದ ಬರ್ತದ. ಹಾಳೀನ ಕಿತ್ತಿ ಒಗದ್ರ ಎಲ್ಲಿಗಂತ ಬರಬೇಕು ಅದು?”

ಅಲ್ತಾಫ ಗಿರಾಕಿ ಬಂದರೆಂದು ಫೋನಿಟ್ಟ. ಬೈಸಿಕೊಳ್ಳುವಾಗ ಅವನಿಗೆ ಯಾವಾಗಲೂ ಗಿರಾಕಿ ಬರುತ್ತಿದ್ದರು. ನಗ್ಮಾ ಸೂತ್ರದಲ್ಲಿ ಮುರಿದ ತುಂಡನ್ನು ತೆಗೆದು, ಹೊಸ ಹಾಳೆಯ ಮೊತ್ತದ ಮೇಲೆ ಕ್ಲಿಕ್ ಮಾಡಿ ಮತ್ತೆ ಕಟ್ಟಿದಳು. ದೇವದುರ್ಗ ಸರಿಹೋಯಿತು. ಆದರೆ ಮೊತ್ತ ಬರಲಿಲ್ಲ. ಈಗ ‘ವ್ಯಾಲ್ಯೂ’ ಎಂಬ ಬೇರೆ ದೋಷ, ಮಾನ್ವಿಯ ಹಾಳೆಯಿಂದ. ಕೂಡಿಸು ಎಂದ ಕಡೆ ಸಂಖ್ಯೆ ಅಲ್ಲದ್ದೇನೋ ಸಿಕ್ಕಿದೆ.

ಅಷ್ಟರಲ್ಲಿ ಸತ್ತಾರ್ ಸಾಬರ ಫೋನು. “ಬೇಟಿ, ಬೆಳಿಗ್ಗಿ ಮಲ್ಲಟಕ್ಕ ಹೊಂಟೀನಿ. ಲೆಕ್ಕ ಹೇಳವಾ.” ಮುಂದಿನ ಬ್ಯಾಚಿನ ಹುಡುಗಿಯರು ಬಾಗಿಲಲ್ಲಿ ನಿಂತಿದ್ದರು. ಕರೆಂಟು ಎರಡು ಸಲ ಹೋಗಿ ಬಂದಿತ್ತು. ನಗ್ಮಾ ಆಗ ಮಾಡಬಾರದ ಕೆಲಸ ಮಾಡಿದಳು. ಮಾನ್ವಿಯ ಪ್ರತಿ ಸಾಲಿನ ಕೊನೆಯಲ್ಲಿದ್ದ ಲೆಕ್ಕದ ಸೂತ್ರಕ್ಕೆ ಇಫ್ ಎರರ್ ಹಾಕಿದಳು, ದೋಷ ಬಂದ ಕಡೆ ಸೊನ್ನೆ ತೋರಿಸು ಎಂದು. ದೋಷ ಮಾಯವಾಯಿತು, ಮೊತ್ತ ಬಂತು, ಅದನ್ನೇ ಸತ್ತಾರ್ ಸಾಬರಿಗೆ ಹೇಳಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮರುದಿನ ಬೆಳಿಗ್ಗೆ ತರಗತಿಯಲ್ಲಿ ಬಂದ ಪಾಠವೂ ಅದೇ.

“ಎರರ್ ಅಂದ್ರ ಜ್ವರ ಇದ್ದಂಗ. ಜ್ವರ ಬಂತಂತ ಥರ್ಮಾಮೀಟರ್ ಒಡೀತಾರೇನು? ಮೊದಲು ಯಾಕ ಬಂತು ಅಂತ ನೋಡಬೇಕು. ನೋಡಲಾರದ ಇಫ್ ಎರರ್ ಹಾಕಿದ್ರ...” ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಹುಡುಗಿಯರು ಮುಂದಿನ ಮಾತಿಗೆ ಪೆನ್ನು ಹಿಡಿದು ಕಾಯುತ್ತಿದ್ದರು. ನಗ್ಮಾ ಆಗಲೇ ಮಾನ್ವಿಯ ಹಾಳೆ ತೆರೆದಿದ್ದಳು.

ಈ ಸಲ ಅವಳು ಮೊತ್ತ ನೋಡಲಿಲ್ಲ, ಒಂದೊಂದೇ ಸಾಲು ನೋಡಿದಳು. ಮೇಲಿನ ದೂರದ ನೆಂಟರೆಲ್ಲ ಸರಿಯಾಗಿದ್ದರು. ಕೆಳಗೆ ಖಾಲಾಳ ಓಣಿ ಶುರುವಾದಲ್ಲಿಂದ ಕಡೆಯವರೆಗೆ ಬರೀ ಸೊನ್ನೆ. ಯಂಕಮ್ಮನ ಮನೆ, ಸೊನ್ನೆ. ಈರಯ್ಯನ ಮನೆ, ಸೊನ್ನೆ. ಎಷ್ಟು ಮಂದಿ ಎಂದು ಬರೆಯುವ ಜಾಗದಲ್ಲಿ ಖಾಲಾ ಒಂದೇ ಮಾತು ತುಂಬಿದ್ದಳು: ಚೂಲಾ ಬಂದ್. ಆ ದಿನ ನಿಮ್ಮ ಮನೆಯ ಒಲೆ ಬಂದ್, ಮಕ್ಕಳು ಮುದುಕರೆನ್ನದೆ ಎಲ್ಲರೂ ನಮ್ಮಲ್ಲಿಗೇ ಉಣ್ಣಲು ಬರಬೇಕು ಎನ್ನುವ ಕರೆ ಅದು. ಅದಕ್ಕಿಂತ ದೊಡ್ಡ ಕರೆ ಆ ಕಡೆ ಇಲ್ಲ.

ಖಾಲಾ ಯಾರಿಗಾಗಿ ಈ ದಾವತ್ತು ಮಾಡುತ್ತಿದ್ದಳೋ ಅವರನ್ನೇ ನಗ್ಮಾ ತನ್ನ ಕೈಯಾರೆ ಸೊನ್ನೆ ಮಾಡಿದ್ದಳು. ದೋಷ ಪಾಪ ನಿನ್ನೆಯೇ ಕೂಗಿ ಹೇಳಿತ್ತು, ಬಾಯಿ ಮುಚ್ಚಿಸಿದವಳು ಇವಳೇ. ಸತ್ತಾರ್ ಸಾಬರಿಗೆ ಫೋನ್ ಹಚ್ಚಿದರೆ ನಾಟ್ ರೀಚಬಲ್. ಖಾಲಾಳಿಗೆ ಹಚ್ಚಿದಳು.

ಕುಬ್ರಾ ಬೇಗಂ ಪ್ರೀತಿಗೆ ದಖ್ಖನಿ, ಜಗಳಕ್ಕೆ ಕನ್ನಡ ಬಳಸುವ ಹೆಂಗಸು. ಅವತ್ತು ಕನ್ನಡದಲ್ಲೇ ಶುರುಮಾಡಿದಳು. “ಎಷ್ಟು ಮಂದಿ ಅಂತ ಕೇಳ್ತೀಯಲ್ಲ, ಕರಿಯೋ ಮುಂದ ಅವರ ಮನ್ಯಾಗಿನ ತಲಿ ಎಣಸ್ತಾರೇನ? ಚೂಲಾ ಬಂದ್ ಅಂದಮ್ಯಾಲ ಮುಗೀತು. ನಿನ್ನ ಕಂಪ್ಯೂಟರಿಗೆ ಅಷ್ಟೂ ತಿಳಿಯಂಗಿಲ್ಲೇನು?”

“ಅದಕ್ಕ ತಿಳಿಯಂಗಿಲ್ಲ ಖಾಲಾ. ನನಗ ತಿಳೀಬೇಕಿತ್ತು. ತಪ್ಪು ನಂದು. ಈಗ ಹೇಳು, ಇಲ್ಲಂದ್ರ ಓಣಿಯೋರು ಉಪಾಸ ಹೋಗ್ತಾರ.”

ಉಪವಾಸ ಎನ್ನುವ ಮಾತಿಗೆ ಖಾಲಾ ಮೆತ್ತಗಾದಳು. ಮನೆಯ ಮೇಲೆ ಮನೆ ಹೇಳುತ್ತ ಹೋದಳು. ಯಂಕಮ್ಮನ ಸೊಸೆ ಹೆರಿಗೆಗೆ ಹೋಗಿದ್ದಾಳೆ, ಆದರೂ ಹಿಡಿ. ಈರಯ್ಯನ ಮಗಳು ಅಳಿಯ ಕಲ್ಲೂರಿನಿಂದ ಬಂದಿದ್ದಾರೆ, ಅವರನ್ನೂ ಹಿಡಿ. ನಗ್ಮಾ ‘ಚೂಲಾ ಬಂದ್’ ಅನ್ನು ಅಳಿಸಲಿಲ್ಲ. ಪಕ್ಕದಲ್ಲಿ ಬೇರೆ ಕಾಲಂ ಮಾಡಿ ಸಂಖ್ಯೆ ತುಂಬಿ, ಸೂತ್ರವನ್ನು ಅದಕ್ಕೆ ಕಟ್ಟಿದಳು. ಇಫ್ ಎರರ್ ತೆಗೆದು ಒಗೆದಳು. ಕಡೆಯ ಸಾಲು ಬಡೇಬೀಯದು.

“ಬಡೇಬೀ ಮನ್ಯಾಗ?”

“ಯಾರದಾರ ಆಕಿಗೆ? ಒಬ್ಬಾಕಿನ.”

“ಒಬ್ಬಾಕಿ ಇದ್ರ ಒಂದು ಅಂತ ಬರದಿದ್ರ ಮುಗೀತಿತ್ತಲ್ಲ ಖಾಲಾ. ಒಬ್ಬಾಕಿಗೆ ಯಾಕ ಚೂಲಾ ಬಂದ್?”

ಖಾಲಾ ದಖ್ಖನಿಗೆ ಹೊರಳಿ ಮೆಲ್ಲಗೆ ಹೇಳಿದಳು: ಒಬ್ಬಳಿದ್ದರೆ ಅವಳಿಗೆ ಒಲೆ ಇರುವುದಿಲ್ಲವೇ ಬೇಟಾ? ತನ್ನೊಬ್ಬಳಿಗಾಗಿ ದಿನಾ ಒಲೆ ಹಚ್ಚುವುದು ಎಷ್ಟು ಕಷ್ಟ, ಸೂಫಿಯಾ ಹೋದಮೇಲೆ ನನ್ನ ಪಾಡೂ ಅದೇ. ನನ್ನ ಗಂಡ, ನಿನ್ನ ಖಾಲೂ ತೀರಿಹೋದ ದಿನ ನಮ್ಮ ಮನೆಗೆ ಮೊದಲು ರೊಟ್ಟಿ ತಂದವಳು ಅವಳು. ಒಂದು ಎಂದರೆ ಒಬ್ಬ ಮುದುಕಿಯನ್ನು ಕರೆದ ಹಾಗೆ. ಚೂಲಾ ಬಂದ್ ಎಂದರೆ ಅವಳದೂ ಒಂದು ಮನೆ ಎಂದು ಕರೆದ ಹಾಗೆ.

ನಗ್ಮಾ ಆ ಸಾಲಿನಲ್ಲಿ ಒಂದು ಎಂದು ಒತ್ತಿದಳು. ‘ದೇಗು’ ಹಾಳೆಯ ಮೊತ್ತ ತಾನಾಗಿಯೇ ಏರಿ ನಿಂತಿತು.

ಮತ್ತೆ ಮತ್ತೆ ಹಚ್ಚಿದ ಮೇಲೆ ಸತ್ತಾರ್ ಸಾಬರ ಫೋನು ಸಿಕ್ಕಿತು. ಅವರು ನಿಂಗರಾಜನ ದೊಡ್ಡಿಯಲ್ಲೇ ಇದ್ದರು, ಹಿಂದೆ ಕುರಿಗಳ ಗದ್ದಲ ಕೇಳುತ್ತಿತ್ತು. ವಿಷಯ ಹೇಳಿದಾಗ ಮುದುಕ ಬೈಯಲಿಲ್ಲ. “ಈಗರ ಹೇಳಿದೆಲ್ಲ ಬೇಟಿ. ಅಕ್ಕಿ ನೆನಸಿದ ಮ್ಯಾಲ ಹೇಳಿದ್ರ ನಾ ಏನ್ ಮಾಡಬೇಕಿತ್ತು?” ಎಂದು, ನಿಂಗರಾಜನಿಗೆ ಇನ್ನಷ್ಟು ಕುರಿ ಹಿಡಿಯಲು ಅಲ್ಲಿಂದಲೇ ಕೂಗಿದರು.

ದಾವತ್ತಿನ ದಿನ ನಗ್ಮಾ ಒಂದು ತುತ್ತೂ ತಿನ್ನದೆ ದೇಗುಗಳ ಸುತ್ತ ಸುಳಿದಾಡಿದಳು. ಓಣಿಯ ಮಂದಿ ಮನೆಗಳಿಗೆ ಬೀಗ ಹಾಕಿ ಒಟ್ಟಾಗಿ ಬಂದರು. ತಟ್ಟೆಗಳು ತುಂಬಿದವು, ಮತ್ತೆ ತುಂಬಿದವು, ಕಡೆಯ ದೇಗಿನ ತಳದಲ್ಲಿ ಇನ್ನೂ ಅನ್ನ ಉಳಿದಿತ್ತು. ಅದನ್ನು ಕಣ್ಣಾರೆ ಕಂಡಮೇಲೆ ಅವಳು ಹೆಂಗಸರ ಪಂಕ್ತಿಗೆ ಬಂದು ನಿಂತಳು.

ಬಡೇಬೀ ನಡುಪಂಕ್ತಿಯಲ್ಲಿ ಕೂತಿದ್ದಳು, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು. ಖಾಲಾ ತಾನೇ ಬಗ್ಗಿ ಅವಳಿಗೆ ಬಡಿಸುತ್ತಿದ್ದಳು. “ಚಾ ಸೈತ ಕಾಸಿಲ್ಲ ಇವತ್ತ. ನಮ್ಮನಿಗೆ ಚೂಲಾ ಬಂದ್ ಹೇಳ್ಯಾರ” ಎಂದು ಬಡೇಬೀ ಪಕ್ಕದವಳಿಗೆ ಹೇಳಿದಳು. ಪಕ್ಕದವಳು ದೇವದುರ್ಗದ ಕಡೆಯವಳು, ಓಣಿಯ ಸಂಗತಿ ಗೊತ್ತಿಲ್ಲದವಳು.

“ಹೌದಾ? ನಿಮ್ಮ ಮನ್ಯಾಗಿಂದ ಯಾರ‍್ಯಾರು ಬಂದೀರಿ ಹಂಗಾರ?” ಎಂದು ಕೇಳಿದಳು.

ಖಾಲಾಳ ಕೈಯ ಸೌಟು ನಿಂತಿತು. ಬಡೇಬೀ ಅನ್ನ ಕಲಸುತ್ತಲೇ ಇದ್ದಳು.

“ಎಲ್ಲಾರೂ ಬಂದೀವಿ” ಎಂದಳು.