ಕೊನೆಯ ಪಿಕ್ಚರ್ ಟ್ಯೂಬು

"ಕಾಯಿ ಒಡದಂಗ ಒಡದು ಹಳ್ಳಕ್ಕ ಚೆಲ್ಲಿಬಿಡ್ತೇನಿ, ಅಕ್ಕಾರ. ಈ ಗಾಜು ಯಾರಿಗೆ ಬೇಕ್ರಿ?" ಎನ್ನುತ್ತ ಗುಜರಿ ತಿರಕಪ್ಪ ಕಲ್ಲು ಹುಡುಕಿದ.

"ಒಡೀಬ್ಯಾಡಪಾ," ಎಂದಳು ಸುರೇಖಾ. "ಅದರಾಗ ಸೀಸ ಇರತೈತಿ. ಹಳ್ಳದ ನೀರು ಮೆಣಸಿನಕಾಯಿ ಹೊಲಕ್ಕ ಹೋಗತೈತಿ ಅಂತಿದ್ರು ಅವರು. ಹಾವೇರಿ ಇ-ಕಸದ ಕೇಂದ್ರಕ್ಕ ಇಡಿಯಾಗಿ ಮುಟ್ಟಿಸು."

ಹಾಗೆನ್ನುತ್ತಿದ್ದವನು ಅವಳ ಗಂಡ ಕರಬಸಪ್ಪ. ರಾಣೆಬೆನ್ನೂರಿನ ಈ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಟಿ.ವಿ. ರಿಪೇರಿ ಮಾಡಿ, ಹೋದ ತಿಂಗಳು ತೀರಿಕೊಂಡಿದ್ದ. ಬಂದವರೆಲ್ಲ ಅತ್ತು ಅವಳ ಮುಖ ನೋಡಿದ್ದರು. ಅವಳು ಚಹಾ ಮಾಡಿ ಕೊಟ್ಟಿದ್ದಳು. ನಾಳೆ ಅಂಗಡಿ ಬಿಟ್ಟುಕೊಡಬೇಕು. ಉಳಿದದ್ದು ಹಳೆ ಟಿ.ವಿ.ಗಳ ಮೂರು ಪಿಕ್ಚರ್ ಟ್ಯೂಬು.

"ಇಡಿಯಾಗಿ ಒಯ್ದರ ಹಾದ್ಯಾಗ ಬಾಂಬ್ ಆಗತಾವ. ನನಗೂ ಹೆಂಡರು ಮಕ್ಕಳು ಅದಾರ್ರಿ."

ಅದೂ ನಿಜ. ಟ್ಯೂಬಿನೊಳಗೆ ಗಾಳಿಯಿಲ್ಲ, ಪೆಟ್ಟು ಬಿದ್ದರೆ ಕುಸಿದು ಚೂರು ಸಿಡಿಯುತ್ತದೆ. ಕೊರಳಿನ ತುದಿಯ ಗಾಜಿನ ಮೊಗ್ಗನ್ನು ಚಿವುಟಿ ಮೊದಲು ಒಳಗೆ ಗಾಳಿ ಬಿಡಬೇಕು. ಗಂಡ ಚಿವುಟುವಾಗ ಅವಳು ಎಷ್ಟೋ ಸಲ ಬ್ಯಾಟರಿ ಬೆಳಕು ಹಿಡಿದಿದ್ದಳು. ಆದರೂ ಗೋಣಿ ಮೊದಲೋ ಕನ್ನಡಕ ಮೊದಲೋ ಎಂದು ಅನುಮಾನವಾಯಿತು. ಟ್ಯೂಬಿಗೆ ಒದ್ದೆ ಗೋಣಿ ಹೊದಿಸಿ, ಮೊಳೆಗೆ ತೂಗುತ್ತಿದ್ದ ಅವನ ದಪ್ಪ ಕನ್ನಡಕ ಹಾಕಿಕೊಂಡಳು. ಅವನ ತಲೆಯ ಅಳತೆಯ ರಬ್ಬರ್ ಪಟ್ಟಿ. ಮೂಗಿನ ಮೇಲಿಂದ ಜಾರಿತು.

"ಪಟ್ಟಿ ಬಿಗಿ ಮಾಡ್ಕೋರಿ."

"ಇರಲಿ."

ಎಡಗೈಯಿಂದ ಕನ್ನಡಕ ಒತ್ತಿ ಹಿಡಿದು, ಬಲಗೈಯ ಇಕ್ಕಳದಿಂದ ಎರಡು ಸಣ್ಣ ಟ್ಯೂಬು ಮುಗಿಸಿದಳು.

"ನಮ್ಮತ್ತಿಗೂ ಇಷ್ಟು ಉಪಚಾರ ಯಾರೂ ಮಾಡಿದ್ದಿಲ್ಲ," ಎಂದ ತಿರಕಪ್ಪ, ಬಾಗಿಲಾಚೆ ನಿಂತು.

ಮೂರನೆಯದು ದೊಡ್ಡದು. ಕೊರಳು ಹಿಡಿಯದಿದ್ದರೆ ಅಲುಗುತ್ತಿತ್ತು. ಎರಡೂ ಕೈ ಬೇಕು. ಅವಳು ಇಕ್ಕಳ ಕೆಳಗಿಟ್ಟಳು.

"ಲಗೂ ಮಾಡ್ರಿ. ಐದಕ್ಕ ಕೇಂದ್ರದವರು ಬಾಗಲಾ ಹಾಕ್ತಾರ. ಇಲ್ಲಂದ್ರ ನನ್ನ ಕಲ್ಲು ಐತಿ."

ಕನ್ನಡಕ ತೆಗೆದಳು. ಪಟ್ಟಿಗೆ ತಲೆಯೆಣ್ಣೆಯ ವಾಸನೆಯಿತ್ತು. ಬಕಲು ಅಲುಗಲಿಲ್ಲ, ಉಗುರು ತೂರಿಸಿ ಎಳೆದಳು. ಎರಡು ಬೆರಳಷ್ಟು ಸರಿಯಿತು. ಹಾಕಿಕೊಂಡರೆ ಗಟ್ಟಿಯಾಗಿ ಕೂತಿತು.

ಚಿವುಟಿದಳು. ಸಣ್ಣಗೆ ಸುಯ್ಯೆಂದಿತು.

"ಆತೇನ್ರಿ?"

"ಗಾಳಿ ಇನ್ನೂ ಒಳಗ ಹೊಂಟೈತಿ. ತಡಿ."

ಸದ್ದು ನಿಲ್ಲುವವರೆಗೂ ಕೊರಳು ಹಿಡಿದೇ ಇದ್ದಳು.

ತಿರಕಪ್ಪ ಮೂರನ್ನೂ ಗೋಣಿಯಲ್ಲಿ ಸುತ್ತಿ ಆಟೊಗೆ ಏರಿಸಿಕೊಂಡು ಹೋದ. ಖಾಲಿ ಅಂಗಡಿಯಲ್ಲಿ ಅವಳು ಕನ್ನಡಕವನ್ನು ಬಾಗಿಲ ಬೆಳಕಿಗೆ ಹಿಡಿದಳು. ಬಕಲು ಮೊದಲಿದ್ದ ಜಾಗದಲ್ಲಿ, ಕಪ್ಪು ರಬ್ಬರಿನ ಮೇಲೆ, ಅಡ್ಡಕ್ಕೆ ಒಂದು ಬಿಳಿ ಗೆರೆ ಉಳಿದಿತ್ತು.